ಜರ್ಮನಿಯ ಸ್ಟುಟ್‌ಗಾರ್ಟ್‌ನ ಆಫೀಸಿಗೆ ಹೊಸದಾಗಿ ಬಂದವರಿಗೆ

ಮನೆ ಹುಡುಕುವುದು ಹೇಗೆ, ಆನ್‌ಮೆಲ್ಡುಂಗ್ ಅನ್ನುವ ವಿಳಾಸ ನೋಂದಣಿ ಎಲ್ಲಿ, ಸೋನಾ ಮಸೂರಿ ಯಾವ ಅಂಗಡಿಯಲ್ಲಿ ಸಿಗುತ್ತದೆ ಅಂತ ಹೇಳುವವರು ಬೇಕಾದಷ್ಟು ಜನ ಇದ್ದಾರೆ. ನಾನು ಅದರ ಗೋಜಿಗೆ ಹೋಗುವುದಿಲ್ಲ. "ಕೆಲಸ ಚೆನ್ನಾಗಿದೆ, ಸಂಬಳ ಚೆನ್ನಾಗಿದೆ, ಆದರೆ ಆಫೀಸಿನಲ್ಲಿ ಯಾಕೋ ನೆಂಟರ ಮನೆಯಲ್ಲಿ ಕೂತ ಹಾಗಿದೆ" ಅನ್ನಿಸುವ ಕಾಲ ಒಂದು ಬರುತ್ತದೆ. ಸಾಮಾನ್ಯವಾಗಿ ಮೊದಲ ನವೆಂಬರ್‌ನಲ್ಲಿ, ಸಂಜೆ ಐದಕ್ಕೆ ಮುಂಚೆಯೇ ಸೂರ್ಯ ಮುಳುಗುವಾಗ. ಈ ಬರಹ ಆ ದಿನಗಳಿಗೆ.

ಮೊದಲು ಹೆಸರು. ನಮ್ಮಲ್ಲಿ ಸರ್‌ನೇಮ್ ಇಲ್ಲದವರೇ ಜಾಸ್ತಿ, ಪಾಸ್‌ಪೋರ್ಟ್‌ನಲ್ಲಿ ಆ ಜಾಗಕ್ಕೆ ಅಪ್ಪನ ಹೆಸರೋ ಊರ ಹೆಸರೋ ಬಂದು ಕೂತಿರುತ್ತದೆ. ಇಲ್ಲಿ ಅದಕ್ಕೇ "ಹೆರ್" (ನಮ್ಮ ಮಿಸ್ಟರ್) ಸೇರಿಸಿ ಕರೆಯುತ್ತಾರೆ. ಮೊದಲ ವಾರ ಎಚ್‌ಆರ್‌ನವರು ಎರಡು ಸಲ ಕೂಗಿದರೂ ನಾನು ಅಲ್ಲಾಡಲಿಲ್ಲ. ಆ ಹೆಸರಿನವರು ತಿಪಟೂರಿನಲ್ಲಿ ತೆಂಗಿನ ತೋಟ ನೋಡಿಕೊಳ್ಳುತ್ತಿದ್ದರು ನೋಡಿ! ನಿಮ್ಮನ್ನು ಏನಂತ ಕರೆಯಬೇಕು ಅಂತ ಮೊದಲ ದಿನವೇ ಹೇಳಿಬಿಡಿ. ತಪ್ಪು ಉಚ್ಚರಿಸಿದರೆ ತಿದ್ದಿ, ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. "ಡು", "ಸೀ" ಅಂದರೆ ನಮ್ಮ ನೀನು, ನೀವು. ಟೀಮಿನೊಳಗೆ ಹೆಚ್ಚಾಗಿ ಡು ನಡೆಯುತ್ತದೆ. ಸೀ ನಡೆಯುವ ಕಡೆ ಮಾತ್ರ ಹಿರಿಯರೇ "ಡು ಅನ್ನೋಣ" ಅನ್ನುವ ತನಕ ಕಾಯಿರಿ.

ಹನ್ನೆರಡು ಗಂಟೆ ಹೊತ್ತಿಗೆ ಕಾರಿಡಾರಿನಲ್ಲಿ ಎದುರಾದವರೆಲ್ಲ "ಮಾಲ್‌ಟ್ಸೈಟ್" ಅನ್ನುತ್ತಾರೆ. ನಮ್ಮ "ಊಟ ಆಯ್ತಾ" ಇದ್ದ ಹಾಗೆ, ಅದಕ್ಕೆ ಉತ್ತರ ಬೇಕಿಲ್ಲ. ನೀವೂ ಮಾಲ್‌ಟ್ಸೈಟ್ ಅಂದು ಮುಂದೆ ಹೋಗಿ.

ನಾನು ಜಾಸ್ತಿ ಪೆಟ್ಟು ತಿಂದಿದ್ದು ಒಂದು "ಆಗುತ್ತೆ"ಯಿಂದ. ಟೆಸ್ಟ್ ರಿಪೋರ್ಟ್ ಶುಕ್ರವಾರಕ್ಕೆ ಆಗುತ್ತಾ ಅಂತ ಕೇಳಿದರು. ಆಗಲ್ಲ ಅಂತ ಸೋಮವಾರವೇ ಗೊತ್ತಿತ್ತು. ಆದರೂ ಬಾಯಲ್ಲಿ ಬಂದಿದ್ದು "ಆಗುತ್ತೆ, ನೋಡೋಣ". ಎರಡು ರಾತ್ರಿ ನಿದ್ದೆಗೆಟ್ಟು ಗುರುವಾರ ಕೈಚೆಲ್ಲಿದೆ. ಎದುರು ಸೀಟಿನವರು ಮೀಟಿಂಗಿನಲ್ಲಿ ಎಲ್ಲರ ಮುಂದೆಯೇ ಹೇಳಿದರು, "ಸೋಮವಾರ ಹೇಳಿದ್ದರೆ ಅರ್ಧ ನಾನೇ ಮಾಡುತ್ತಿದ್ದೆ." ಮರ್ಯಾದೆ ಹೋಯಿತು ಅಂತ ನಾನು ಮಧ್ಯಾಹ್ನ ಊಟಕ್ಕೇ ಹೋಗಲಿಲ್ಲ. ಅವರು ಮಾತ್ರ ಏನೂ ಆಗದವರ ಹಾಗೆ ಮೂರು ಗಂಟೆಗೆ ಕಾಫಿಗೆ ಕರೆದರು. ಅವರಿಗೆ ನಿಜವಾಗಿಯೂ ಏನೂ ಆಗಿರಲಿಲ್ಲ. ಕೆಲಸದ ಮೇಲಿನ ಮಾತನ್ನು ಮನುಷ್ಯನ ಮೇಲೆ ಹಾಕಿಕೊಳ್ಳದೆ ಇರುವುದನ್ನು ಕಲಿಯಲು ನನಗೆ ಎರಡು ವರ್ಷ ಹಿಡಿಯಿತು.

ಹಾಗೆಯೇ ಹೊಗಳಿಕೆಗೂ ಕಾಯಬೇಡಿ. ಈ ಸೀಮೆಯ ಶ್ವೇಬಿಷ್ ಜನರಲ್ಲಿ ಒಂದು ಗಾದೆ ಇದೆ: ಬೈಯಲಿಲ್ಲ ಅಂದರೆ ಹೊಗಳಿದ ಹಾಗೇ. ಮ್ಯಾನೇಜರ್ "ಪಾಸ್ಟ್" ಅಂದರೆ ಕೆಲಸ ಸರಿಯಾಗಿದೆ ಅಂತ, ಖುಷಿಪಡಿ.

ಜ್ವರ ಬಂದರೆ ಮನೆಯಲ್ಲಿ ಮಲಗಿ. ಬೆಳಿಗ್ಗೆಯೇ ಆಫೀಸಿಗೆ ತಿಳಿಸಬೇಕು, ಮೂರು ದಿನಕ್ಕಿಂತ ಜಾಸ್ತಿಯಾದರೆ ಡಾಕ್ಟರ ಸರ್ಟಿಫಿಕೇಟ್ ಬೇಕು. ಕೆಲವು ಕಂಪನಿಗಳು ಮೊದಲ ದಿನದಿಂದಲೇ ಕೇಳುತ್ತವೆ, ಕಾಂಟ್ರಾಕ್ಟ್ ನೋಡಿಕೊಳ್ಳಿ. ಸೇರಿ ನಾಲ್ಕು ವಾರ ಆಗಿದ್ದರೆ 6 ವಾರದ ತನಕ ಕಂಪನಿಯೇ ಪೂರ್ತಿ ಸಂಬಳ ಕೊಡುತ್ತದೆ. ಪ್ರೊಬೆಟ್ಸೈಟ್ ಅನ್ನುವ ಪ್ರೊಬೇಷನ್ನಿನಲ್ಲಿ, ಅಂದರೆ ಸಾಮಾನ್ಯವಾಗಿ ಮೊದಲ 6 ತಿಂಗಳಲ್ಲಿ, ಎರಡು ವಾರದ ನೋಟಿಸ್ ಕೊಟ್ಟು ಕೆಲಸದಿಂದ ತೆಗೆಯಬಹುದು. ಆ ಭಯಕ್ಕೇ ನಮ್ಮವರು ಕೆಮ್ಮುತ್ತಾ ಆಫೀಸಿಗೆ ಬರುತ್ತಾರೆ. ಪಕ್ಕದವರಿಗೆ ಅದು ಶ್ರದ್ಧೆಯಾಗಿ ಕಾಣುವುದಿಲ್ಲ, ರೋಗ ಹಂಚಲು ಬಂದ ಹಾಗೆ ಕಾಣುತ್ತದೆ.

ಅನ್ಯಾಯ ಆದರೆ ನುಂಗಿಕೊಂಡು ಕೂರಬೇಡಿ. ಹಲವು ಕಂಪನಿಗಳಲ್ಲಿ ಬೆಟ್ರೀಬ್ಸ್‌ರಾಟ್ ಅಂತ ನೌಕರರೇ ಆರಿಸಿದ ಸಮಿತಿ ಇರುತ್ತದೆ. ಜರ್ಮನ್ ಪೌರರಲ್ಲದಿದ್ದರೂ ನಿಮಗೆ ವೋಟು ಇದೆ. ನಿಮ್ಮ ಕೆಲಸದ ಬಗ್ಗೆ ಮ್ಯಾನೇಜರ್ ಕೂರಿಸಿ ಮಾತಾಡುವಾಗ ಅದರ ಸದಸ್ಯರೊಬ್ಬರನ್ನು ಜೊತೆಗೆ ಕರೆದುಕೊಂಡು ಹೋಗುವ ಹಕ್ಕೂ ಇದೆ. ಜನಾಂಗ, ಧರ್ಮದ ಹೆಸರಿನಲ್ಲಿ ಭೇದ ಮಾಡಿದರೆ 2006ರ ಸಮಾನತೆ ಕಾಯ್ದೆಯಡಿ ಪರಿಹಾರ ಕೇಳಬಹುದು, ಆದರೆ ಎರಡೇ ತಿಂಗಳ ಗಡುವು. ಏನಾಯಿತು, ಯಾವತ್ತು, ಯಾರಿದ್ದರು ಅಂತ ಅವತ್ತೇ ಬರೆದಿಡಿ.

ಇನ್ನು ಭಾಷೆ. "ನಮ್ಮ ಆಫೀಸಿನಲ್ಲಿ ಎಲ್ಲಾ ಇಂಗ್ಲಿಷೇ" ಅಂತ ಹೇಳುವವರನ್ನು ಸುಮ್ನೆ ನಂಬಬೇಡಿ. ಮೀಟಿಂಗ್ ಇಂಗ್ಲಿಷ್, ನಗು ಜರ್ಮನ್. ಕಾಫಿ ಕಿಚನ್ನಿನಲ್ಲಿ ಎಲ್ಲರೂ ನಗುವಾಗ ನಾವು ಕಪ್ಪು ತೊಳೆಯುತ್ತಾ ನಿಲ್ಲುವುದಿದೆಯಲ್ಲ, ಅದಕ್ಕೆ ಬೇರೆ ಮದ್ದಿಲ್ಲ. ಫೋಲ್ಕ್ಸ್‌ಹೋಕ್‌ಶೂಲೆ ಅನ್ನುವ ದೊಡ್ಡವರ ಕಲಿಕಾ ಕೇಂದ್ರದಲ್ಲಿ ಜರ್ಮನ್ ಸಂಜೆ ಕ್ಲಾಸಿಗೆ ಸೇರಿ. ಲಾಭವೂ ಇದೆ: ಬ್ಲೂ ಕಾರ್ಡ್ (ಓದಿದ ನೌಕರರಿಗೆ ಕೊಡುವ ಪರ್ಮಿಟ್) ಇದ್ದವರು ಜರ್ಮನ್ ಭಾಷೆಯ ಮಧ್ಯಮ ಹಂತ ಬಿ1 ಪಾಸಾದರೆ 21 ತಿಂಗಳಿಗೇ ಪಿಆರ್‌ಗೆ, ಅಂದರೆ ಖಾಯಂ ವಾಸದ ಪರವಾನಗಿಗೆ, ಅರ್ಜಿ ಹಾಕಬಹುದು, ಮೊದಲ ಹಂತ ಎ1 ಮಾತ್ರ ಇದ್ದರೆ 27. 1843ರಲ್ಲಿ ಕನ್ನಡದ ಮೊದಲ ಪತ್ರಿಕೆ ಮಂಗಳೂರ ಸಮಾಚಾರ ಹೊರಡಿಸಿದ ಪಾದ್ರಿ ಮೋಗ್ಲಿಂಗ್ ಈ ಸೀಮೆಯವರೇ. ತೀರಿಕೊಂಡಿದ್ದು ಇಲ್ಲೇ ಪಕ್ಕದ ಎಸ್ಲಿಂಗನ್‌ನಲ್ಲಿ. ಆ ಮನುಷ್ಯ ಕನ್ನಡ ಕಲಿತು ಪತ್ರಿಕೆ ನಡೆಸಿದರು. ನಮಗೆ ಬಿ1 ಆಗಲ್ವಾ?

ನಮ್ಮವರ ಊಟದ ಟೇಬಲ್ ಬಿಡಿ ಅಂತ ನಾನು ಹೇಳುವುದಿಲ್ಲ. ಚಿತ್ರಾನ್ನದ ಡಬ್ಬಿ ತೆರೆದು ಕನ್ನಡದಲ್ಲಿ ಹರಟುವ ಸುಖವೇ ಬೇರೆ. ವಾರಕ್ಕೆ ಎರಡು ದಿನ ಮಾತ್ರ ಬೇರೆ ಟೇಬಲ್ಲಿಗೆ ಹೋಗಿ.

ಹುಟ್ಟುಹಬ್ಬದ ದಿನ ಯಾರಾದರೂ ಕೇಕ್ ತರುತ್ತಾರೆ ಅಂತ ಕಾಯಬೇಡಿ. ಇಲ್ಲಿ ಹುಟ್ಟುಹಬ್ಬ ಯಾರದೋ ಅವರೇ ತರಬೇಕು. ಮೊದಲ ವರ್ಷ ಗೊತ್ತಿಲ್ಲದೆ ಸಂಜೆವರೆಗೆ ಕಾದು, ಮುಖ ಸಪ್ಪೆ ಮಾಡಿಕೊಂಡು ಮನೆಗೆ ಹೋದೆ. ಮರುವರ್ಷ ಬೆಳಿಗ್ಗೆ ಐದಕ್ಕೆದ್ದು ಒಂದು ಕೆಜಿ ರವೆಯ ಕೇಸರಿಬಾತ್ ಮಾಡಿ, ತುಪ್ಪ ಮತ್ತು ಗೋಡಂಬಿ ಇದೆ ಅಂತ ಚೀಟಿ ಅಂಟಿಸಿ ಕಿಚನ್ನಿನಲ್ಲಿಟ್ಟೆ. ರಿಟೈರಾಗಲು ಒಂದು ವರ್ಷ ಇದ್ದ, ನನ್ನ ಜೊತೆ ಅಲ್ಲಿವರೆಗೆ ಗುಟೆನ್ ಮೋರ್ಗನ್ ಬಿಟ್ಟು ಬೇರೆ ಮಾತಾಡದ ಹಿರಿಯರೊಬ್ಬರು ಒಂದು ಚಮಚ ಬಾಯಿಗಿಟ್ಟು ಸುಮ್ಮನೆ ನಿಂತರು. ಅವರ ಅಜ್ಜಿಯೂ ರವೆಯಲ್ಲೇ ಗ್ರೀಸ್‌ಬ್ರೈ ಅನ್ನುವ ಸಿಹಿ ಗಂಜಿ ಮಾಡುತ್ತಿದ್ದರಂತೆ. "ಆದರೆ ಅಜ್ಜಿ ಇಷ್ಟು ತುಪ್ಪ ಹಾಕುತ್ತಿರಲಿಲ್ಲ" ಅಂದು ಇನ್ನೊಂದು ತಟ್ಟೆ ಹಾಕಿಸಿಕೊಂಡರು.