ಆನ್‌ಲೈನ್‌ನಲ್ಲಿ ಮನೆ ಹುಡುಕಿದ ನಾಲ್ಕು ತಿಂಗಳು

ಬೆಂಗಳೂರಿನಲ್ಲಿ ಒಂಬತ್ತು ವರ್ಷ ಬಾಡಿಗೆ ಕಟ್ಟಿದ ಮೇಲೆ ನಾನೂ ನಮ್ಮ ಯಜಮಾನರೂ ಒಂದು ರೀಸೇಲ್ ಫ್ಲ್ಯಾಟ್ ಕೊಳ್ಳೋಣ ಎಂದು ನಿರ್ಧರಿಸಿದೆವು. ಹಗಲೆಲ್ಲ ಇಬ್ಬರಿಗೂ ಕೆಲಸ. ಹಾಗಾಗಿ ಹುಡುಕಾಟವೆಲ್ಲ ರಾತ್ರಿ ಊಟವಾದ ಮೇಲೆ, ಮೊಬೈಲ್‌ನಲ್ಲಿ.

ಮೊದಲ ವಾರ ಕಣ್ಣಿಗೆ ಚಂದ ಕಂಡದ್ದನ್ನೆಲ್ಲ ಸೇವ್ ಮಾಡಿಟ್ಟೆ. ಒಂದು ರಾತ್ರಿ ಮತ್ತೆ ನೋಡುವಾಗ ಮೂರು ಜಾಹೀರಾತುಗಳಲ್ಲಿ ಒಂದೇ ಅಡುಗೆಮನೆ! ಸಿಂಕಿನ ಮೇಲಿನ ಟೈಲ್ಸ್ ಎಡಮೂಲೆಯಲ್ಲಿ ಒಡೆದಿದ್ದು ಮೂರರಲ್ಲೂ ಹಾಗೇ ಇತ್ತು. ಬೆಲೆ ಮಾತ್ರ 62 ಲಕ್ಷ, 65, 68. ಅಂದಿನಿಂದ ಫೋಟೊ ನೋಡಿ ಆಸೆ ಪಡುವುದನ್ನು ಬಿಟ್ಟು ಕಾರ್ಪೆಟ್ ಏರಿಯಾ (ಮನೆಯೊಳಗೆ ಬಳಸಲು ಸಿಗುವ ಜಾಗ) ಎಷ್ಟು, ಪಾಲಿಕೆಯ ದಾಖಲೆಯಲ್ಲಿ ಆಸ್ತಿಯ ಖಾತೆ ಯಾವುದು ಎಂದು ಫೋನಿನಲ್ಲೇ ಕೇಳತೊಡಗಿದೆ. ಜಾಹೀರಾತಿನ ಚದರಡಿಯಲ್ಲಿ ಸಾಮಾನ್ಯವಾಗಿ ಮೆಟ್ಟಿಲು, ಲಿಫ್ಟ್, ಕಾರಿಡಾರಿನ ಪಾಲೂ ಸೇರಿರುತ್ತದೆ. 1,180 ಎಂದು ಹಾಕಿದ್ದ ಒಂದು ಮನೆಯನ್ನು ಟೇಪು ಹಿಡಿದು ಅಳೆದರೆ ಒಳಗೆ ಸಿಕ್ಕಿದ್ದು 830.

ನನಗೆ ಅತಿ ಹೆಚ್ಚು ಉಪಯೋಗವಾದದ್ದು ಸರ್ಕಾರದ ದಿಶಾಂಕ್ ಆ್ಯಪ್. ನಾವು ನಿಂತ ಜಾಗದ ಸರ್ವೆ ನಂಬರನ್ನು ಅದು ಹಳೆಯ ಗ್ರಾಮನಕಾಶೆಯ ಮೇಲೆ ತೋರಿಸುತ್ತದೆ. ಪೂರ್ವಭಾಗದ ಒಂದು ಅಪಾರ್ಟ್‌ಮೆಂಟ್ ನಮಗೆ ತುಂಬಾ ಹಿಡಿಸಿತ್ತು. ಗಾಳಿ, ಬೆಳಕು, ಬೆಲೆ ಎಲ್ಲವೂ ಒಪ್ಪುವಂತಿದ್ದವು. ಗೇಟಿನ ಹತ್ತಿರ ನಿಂತು ಆ್ಯಪ್ ತೆರೆದೆ. ನಕಾಶೆಯಲ್ಲಿ ಹಳ್ಳದ ಗೆರೆ ಕಾಂಪೌಂಡಿಗೆ ಅಂಟಿಕೊಂಡೇ ಹಾದುಹೋಗಿತ್ತು. ನೆಲದ ಮೇಲೆ ಅಲ್ಲಿ ಕಂಡದ್ದು ಡಾಂಬರು ರಸ್ತೆ. ಬೇಸ್‌ಮೆಂಟಿಗೆ ಇಳಿದು ನೋಡಿದೆವು. ಕಂಬಗಳ ಮೇಲೆ ಮೊಣಕಾಲೆತ್ತರಕ್ಕೆ ಕಂದು ಕರೆ. ಸೆಕ್ಯುರಿಟಿಯ ತಾತನನ್ನು ಕೇಳಿದ್ದಕ್ಕೆ, "ಜೋರು ಮಳೆ ಬಂದ್ರೆ ಗಾಡಿಗಳನ್ನೆಲ್ಲ ಹೊರಗೆ ತೆಗೀತೀವಮ್ಮ" ಎಂದರು. ಮನಸ್ಸಿಗೆ ಬಂದ ಮನೆ ಕೈಬಿಡುವುದು ಕಷ್ಟ. ನಮ್ಮ ಯಜಮಾನರು ಎರಡು ದಿನ ಮಾತೇ ಆಡಲಿಲ್ಲ. ಆದರೂ ಬಿಟ್ಟೆವು.

ಕೊನೆಗೆ ಕೆಂಗೇರಿ ಕಡೆ ಒಂದು ಮನೆ ಒಪ್ಪಿಗೆಯಾಯಿತು. ಮಾಲೀಕರು ನಿವೃತ್ತ ಮೇಷ್ಟ್ರು. "ಲೋನ್ ತೀರಿಸಿ ಎರಡು ವರ್ಷ ಆಯ್ತಮ್ಮ" ಎಂದರು. ಅವರ ಮಾತಿನ ಮೇಲೆ ಅನುಮಾನವಿರಲಿಲ್ಲ. ಆದರೂ ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿ ಇಸಿ, ಅಂದರೆ ಆಸ್ತಿಯ ಮೇಲಿನ ಸಾಲ, ಮಾರಾಟಗಳ ನೋಂದಣಿ ತೋರಿಸುವ ಋಣಭಾರ ಪತ್ರ, ತೆಗೆಸಿದೆ. 2004ರ ಏಪ್ರಿಲ್ 1ರಿಂದ ಈಚಿನ ನೋಂದಣಿಗಳು ಅಲ್ಲಿ ಆನ್‌ಲೈನ್‌ನಲ್ಲೇ ಸಿಗುತ್ತವೆ. ಅದಕ್ಕೂ ಹಿಂದಿನದಕ್ಕೆ ಸಬ್‌ರಿಜಿಸ್ಟ್ರಾರ್ ಕಚೇರಿಗೆ ಹೋಗಬೇಕಿತ್ತು. ಇಸಿಯಾಗಿ ಬಂದ ನಮೂನೆ 15ರಲ್ಲಿ ಬ್ಯಾಂಕಿನ ಅಡಮಾನ ಹಾಗೇ ಕೂತಿತ್ತು. ಸಾಲ ತೀರಿದ್ದು ನಿಜ, ಅದನ್ನು ನೋಂದಣಿಯಲ್ಲಿ ವಜಾ ಮಾಡಿಸಿರಲಿಲ್ಲ ಅಷ್ಟೇ. ಮೇಷ್ಟ್ರಿಗೆ ಕಾಗದ ತೋರಿಸಿದಾಗ ಅವರೇ ಗಾಬರಿಯಾದರು. "ಸರ್, ಇದೊಂದು ಮಾಡಿಸಿಬಿಡಿ, ಆಮೇಲೆ ಅಡ್ವಾನ್ಸ್ ಕೊಡ್ತೀವಿ" ಎಂದೆ. ಅವರು ಬ್ಯಾಂಕಿಗೂ ರಿಜಿಸ್ಟ್ರಾರ್ ಕಚೇರಿಗೂ ಓಡಾಡಿ ಮೂರು ವಾರದಲ್ಲಿ ಮಾಡಿಸಿದರು.

ಅಷ್ಟರಲ್ಲಿ ಇ-ಖಾತೆ (ಖಾತೆಯ ಡಿಜಿಟಲ್ ಪ್ರತಿ) ತರಿಸಿಕೊಂಡು ಹೆಸರು, ಅಳತೆಗಳನ್ನು ಕ್ರಯಪತ್ರದೊಂದಿಗೆ ತಾಳೆ ನೋಡಿದೆ. ವಕೀಲರಿಗೂ ಒಂದು ಪ್ರತಿ ಕೊಟ್ಟೆ. ಒಂದು ಸಂಜೆ ಮಳೆ ಹಿಡಿದಾಗ ಇಬ್ಬರೂ ಕೊಡೆ ಹಿಡಿದು ಹೋಗಿ ಪಾರ್ಕಿಂಗ್‌ನಲ್ಲಿ ಒಂದು ಗಂಟೆ ನಿಂತೆವು. ನೀರು ಚರಂಡಿಗೆ ಸರಾಗವಾಗಿ ಹರಿದುಹೋಗುತ್ತಿತ್ತು. ಮರುದಿನ ಹೊಸ ಇಸಿಯಲ್ಲಿ ಅಡಮಾನ ವಜಾ ಆದ ನಮೂದನ್ನು ನೋಡಿಕೊಂಡು ಚೆಕ್ ಬರೆದೆವು.