ರಿಮೋಟ್ ಕಂಟ್ರೋಲ್ ರೇಸಿಂಗ್ ಟ್ರಕ್ಕಿಗೆ ಬ್ರಷ್‌ಲೆಸ್ ಮೋಟಾರ್ ಆರಿಸುವುದು
ಬ್ರಷ್‌ಲೆಸ್ ಮೋಟಾರ್ (ಒಳಗೆ ಉಜ್ಜುವ ಬ್ರಷ್ ಇಲ್ಲದ ವಿದ್ಯುತ್ ಮೋಟಾರ್) ಕೊಳ್ಳುವಾಗ ಮೊದಲು ನೋಡಬೇಕಾದದ್ದು ಕೆವಿ ಅಂಕಿ. ಹೊರೆಯಿಲ್ಲದಾಗ ಒಂದು ವೋಲ್ಟಿಗೆ ಮೋಟಾರ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತದೆಂಬುದನ್ನು ಅದು ತಿಳಿಸುತ್ತದೆಯೇ ಹೊರತು ಬಲವನ್ನಲ್ಲ. 3500 ಕೆವಿ ಮೋಟಾರ್ 7.4 ವೋಲ್ಟಿನ ಎರಡು ಸೆಲ್ ಲಿಪೊ (ಲಿಥಿಯಂ ಪಾಲಿಮರ್) ಬ್ಯಾಟರಿಯಲ್ಲಿ ನಿಮಿಷಕ್ಕೆ ಸುಮಾರು 25,900 ಸುತ್ತು ತಿರುಗುತ್ತದೆ. 1/10 ಅಳತೆಯ ಟ್ರಕ್ಕಿಗೆ ಅಷ್ಟು ಧಾರಾಳವಾಗಿ ಸಾಕು. ಚಿಕ್ಕಮಗಳೂರಿನ ಕಾಫಿ ತೋಟಗಳ ಏರುದಾರಿಯಲ್ಲೂ ಮಳೆಗಾಲದ ಕೆಸರಿನಲ್ಲೂ ಓಡಿಸುವವರಿಗೆ ವೇಗಕ್ಕಿಂತ ಎಳೆಯುವ ಬಲವೇ ಮುಖ್ಯವಾದ್ದರಿಂದ, ಟ್ರಕ್ಕಿನಲ್ಲಿ ಜಾಗವಿದ್ದರೆ, 36 ಮಿ.ಮೀ. ವ್ಯಾಸದ, 60 ಮಿ.ಮೀ. ಉದ್ದದ, ನಾಲ್ಕು ಕಾಂತಧ್ರುವಗಳ ಮೋಟಾರನ್ನೇ ನಾನು ಆರಿಸುತ್ತೇನೆ. ತಿರುಗುವ ಭಾಗದ ಸ್ಥಾನ ತಿಳಿಸುವ ಸೆನ್ಸರ್ ಮೋಟಾರಿನಲ್ಲಿ ಇದ್ದರೆ ನಿಧಾನಗತಿಯಲ್ಲೂ ತಡವರಿಸದೆ ಹೊರಡುತ್ತದೆ. ಮೋಟಾರಿಗೆ ವಿದ್ಯುತ್ ಹರಿಸಿ ವೇಗ ನಿಯಂತ್ರಿಸುವ ಸ್ಪೀಡ್ ಕಂಟ್ರೋಲರಿನ ಆಂಪಿಯರ್ ಮಿತಿ ಮೋಟಾರಿನ ಬೇಡಿಕೆಗಿಂತ ಹೆಚ್ಚಿರಲಿ. ಐದು ನಿಮಿಷ ಓಡಿಸಿ ಮೋಟಾರಿನ ಬಿಸಿಯನ್ನು ಅಳೆಯಿರಿ. 80 ಡಿಗ್ರಿ ಸೆಲ್ಸಿಯಸ್ ಸಮೀಪಿಸಿದ್ದರೆ ಹಲ್ಲು ಕಡಿಮೆಯಿರುವ ಪಿನಿಯನ್ (ಮೋಟಾರಿನ ದಂಡಕ್ಕೆ ಕೂರಿಸುವ ಹಲ್ಲುಚಕ್ರ) ಹಾಕಿರಿ.