ಕಾಡಿನಲ್ಲಿಟ್ಟ ಸೆನ್ಸರ್‌ನ ಬ್ಯಾಟರಿ ವರ್ಷಗಟ್ಟಲೆ ಬಾಳಬೇಕಾ? ಮೊದಲು ಅದರ ನಿದ್ದೆ ನೋಡಿ

ದೊಡ್ಡ ಬ್ಯಾಟರಿ, ಸೋಲಾರ್ ಪ್ಯಾನೆಲ್ ಎಲ್ಲಾ ಆಮೇಲೆ. ಪ್ರಾಣಿಗಳ ಓಡಾಟ ಗಮನಿಸಲು ಇಟ್ಟ ಸೆನ್ಸರ್ ಅಂದರೆ, ಮೊದಲು ಮಲ್ಟಿಮೀಟರ್ ಹಿಡಿದು, ಅದರ ಬೋರ್ಡ್ ಸ್ಲೀಪ್ ಮೋಡ್‌ನಲ್ಲಿ (ನಿದ್ದೆಯಲ್ಲಿ) ಇದ್ದಾಗ ಎಷ್ಟು ಕರೆಂಟ್ ಎಳೆಯುತ್ತಿದೆ ಅಂತ ಅಳೆಯಿರಿ. ಪ್ರಾಣಿ ಬರುವುದು ಯಾವಾಗಲೋ ಒಮ್ಮೆ, ಉಳಿದ ಹೊತ್ತೆಲ್ಲ ಸೆನ್ಸರ್ ಸುಮ್ನೆ ಕೂತಿರುತ್ತದೆ ಅಲ್ವಾ?

ಲೆಕ್ಕ ಹಾಕಿ ನೋಡಿ. 3000 ಎಂಎಎಚ್ (ಮಿಲಿಆಂಪ್-ಗಂಟೆ) ಬ್ಯಾಟರಿ, 15 ನಿಮಿಷಕ್ಕೊಮ್ಮೆ ಎದ್ದು ಒಂದು ಸೆಕೆಂಡ್ 100 ಮಿಲಿಆಂಪ್‌ನಲ್ಲಿ ಡೇಟಾ ಕಳಿಸುತ್ತದೆ ಅಂದುಕೊಳ್ಳಿ. ಅದಕ್ಕೆ ದಿನಕ್ಕೆ ಸುಮಾರು 2.7 ಎಂಎಎಚ್ ಸಾಕು. ನಿದ್ದೆಯಲ್ಲಿ 0.05 ಮಿಲಿಆಂಪ್ ಎಳೆದರೆ ಇನ್ನೊಂದು 1.2. ಕಾಗದದ ಮೇಲೆ ಎರಡು ವರ್ಷ ಬಂತು. ಅದೇ ಬೋರ್ಡ್ ನಿದ್ದೆಯಲ್ಲೂ 10 ಮಿಲಿಆಂಪ್ ಕುಡಿದರೆ? ಹನ್ನೆರಡು ದಿನಕ್ಕೆ ಕಥೆ ಮುಗಿಯಿತು.

ಈ ಸೋರಿಕೆ ಮುಖ್ಯ ಚಿಪ್‌ನಲ್ಲಿ ಇರುವುದು ಕಡಿಮೆ. ಸದಾ ಉರಿಯುವ ಪವರ್ ಎಲ್ಇಡಿ, ಯುಎಸ್‌ಬಿ ಚಿಪ್, ಅಗ್ಗದ ವೋಲ್ಟೇಜ್ ರೆಗ್ಯುಲೇಟರ್, ಇವೇ ಕಳ್ಳರು. ಎಲ್ಇಡಿ ಕಿತ್ತುಹಾಕಿ. ಜಿಪಿಎಸ್‌ನಂಥ ಭಾಗಗಳಿಗೆ ಮಾಸ್‌ಫೆಟ್ (ಎಲೆಕ್ಟ್ರಾನಿಕ್ ಸ್ವಿಚ್) ಹಾಕಿ, ಕೆಲಸ ಇಲ್ಲದಾಗ ಪವರ್ ಪೂರ್ತಿ ಕಡಿಯಿರಿ. ಅಳೆಯುವಾಗ ಒಂದು ಎಚ್ಚರ: ಮೀಟರನ್ನು ಮೈಕ್ರೋಆಂಪ್ ರೇಂಜ್‌ನಲ್ಲಿಟ್ಟೇ ಬೋರ್ಡ್ ಆನ್ ಮಾಡಿದರೆ ವೋಲ್ಟೇಜ್ ಕುಸಿದು ಅದು ಮತ್ತೆ ಮತ್ತೆ ರೀಸೆಟ್ ಆಗಬಹುದು, ಮೊದಲು ದೊಡ್ಡ ರೇಂಜ್‌ನಲ್ಲಿ ಶುರುಮಾಡಿ, ಬೋರ್ಡ್ ಮಲಗಿದ ಮೇಲೆ, ಅದಕ್ಕೆ ಪವರ್ ತಪ್ಪದ ಹಾಗೆ ಮೀಟರಿನ ಎರಡು ತುದಿಗಳ ನಡುವೆ ಒಂದು ವೈರ್ ಅಡ್ಡ ಕೊಟ್ಟುಕೊಂಡು ರೇಂಜ್ ಇಳಿಸಿ, ಆಮೇಲೆ ವೈರ್ ತೆಗೆದು ಓದಿ.

ಪ್ರಾಣಿ ಬಂದಾಗ ಬೋರ್ಡನ್ನು ಎಬ್ಬಿಸುವ ಕೆಲಸ ಪಿಐಆರ್ ಸೆನ್ಸರ್‌ಗೆ (ಮೈಶಾಖದ ಚಲನೆ ಗುರುತಿಸುವಂಥದ್ದು) ಬಿಡಿ, ಅದಕ್ಕೆ ಬೇಕಾಗುವ ಕರೆಂಟ್ ತೀರಾ ಕಡಿಮೆ. ಆದರೆ ಬಿಸಿಲಿಗೆ ಕಾದ ಹುಲ್ಲು ಗಾಳಿಗೆ ಅಲ್ಲಾಡಿದರೂ ಅದು ಪ್ರಾಣಿ ಅಂದುಕೊಳ್ಳುತ್ತದೆ. ಸೂರ್ಯನಿಗೆ ಎದುರಾಗಿ ಇಡಬೇಡಿ, ಮುಂದಿನ ಹುಲ್ಲು ಸ್ವಲ್ಪ ಸವರಿ. ಕಪ್ಪೆ, ಹಾವುಗಳಿಗೆ ಇದನ್ನು ನಂಬಲೇಬೇಡಿ, ಅವುಗಳ ಮೈ ಸುತ್ತಲಿನಷ್ಟೇ ಬೆಚ್ಚಗಿರುತ್ತದೆ.

ರೇಡಿಯೋ ವಿಷಯದಲ್ಲಿ ಜಿಪುಣರಾಗಿ. ಸುಮ್ಮನೆ ಕಿವಿಗೊಟ್ಟು ಕೂರುವುದಕ್ಕೂ ಕರೆಂಟ್ ಬೇಕು, ಹಾಗಾಗಿ ಕಳಿಸಿದ ತಕ್ಷಣ ಆಫ್ ಮಾಡಿ. ಲೋರಾದಲ್ಲಿ (ಕಡಿಮೆ ಪವರ್‌ನಲ್ಲಿ ದೂರ ಮುಟ್ಟುವ ರೇಡಿಯೋ) ದೂರ ಹೆಚ್ಚಿಸುವ ಸೆಟ್ಟಿಂಗ್ ಆದ ಸ್ಪ್ರೆಡಿಂಗ್ ಫ್ಯಾಕ್ಟರ್ ಒಂದು ಮೆಟ್ಟಿಲು ಏರಿಸಿದರೆ ಸಂದೇಶ ಗಾಳಿಯಲ್ಲಿರುವ ಹೊತ್ತು ಹೆಚ್ಚುಕಡಿಮೆ ಎರಡು ಪಟ್ಟಾಗುತ್ತದೆ. ಅದರ ಬದಲು ಆಂಟೆನಾ ಎತ್ತರಕ್ಕೆ ಕಟ್ಟಿ. ಫೋಟೋ ಕಳಿಸುವ ಆಸೆ ಬೇಡ, ಅದು ಮೆಮೊರಿ ಕಾರ್ಡ್‌ನಲ್ಲೇ ಇರಲಿ, ಎಣಿಕೆ ಮತ್ತು ಸಮಯ ಮಾತ್ರ ಹೋಗಲಿ. ಸೆನ್ಸರ್‌ಗಳೇ ಒಂದರ ಡೇಟಾ ಇನ್ನೊಂದು ದಾಟಿಸುವ ಮೆಶ್ ನೆಟ್‌ವರ್ಕ್ ಕೇಳೋಕೆ ಚೆಂದ, ಆದರೆ ಬೇರೆಯವರ ಡೇಟಾ ದಾಟಿಸುವ ನೋಡ್ (ಅಂದರೆ ಸೆನ್ಸರ್ ಬೋರ್ಡ್) ಜಾಸ್ತಿ ಹೊತ್ತು ಎದ್ದಿರಬೇಕಾಗಿ ಎಲ್ಲಕ್ಕಿಂತ ಮೊದಲು ಸಾಯುತ್ತದೆ. ಎಲ್ಲ ನೋಡ್‌ಗಳ ಡೇಟಾ ಪಡೆಯುವ ಒಂದೇ ಗೇಟ್‌ವೇಯ ಸಿಗ್ನಲ್ ಎಲ್ಲಕ್ಕೂ ಮುಟ್ಟಿದರೆ ಅದೇ ಸಾಕು.

ಪ್ರತಿ ಸಂದೇಶದ ಜೊತೆ ಬ್ಯಾಟರಿ ವೋಲ್ಟೇಜ್ ಕೂಡ ಕಳಿಸಿ. ಮಳೆಯಾದ ಮೇಲೆ ಒಂದೇ ನೋಡ್‌ನದ್ದು ಸರಸರ ಇಳಿಯುತ್ತಿದ್ದರೆ, ಡಬ್ಬಿಯೊಳಗೆ ನೀರು ಹೋಗಿದೆಯಾ ಅಂತ ಮೊದಲು ನೋಡಿ.